ಸೊಂಟದ ನೋವು ಕಾಲಿಗಿಳಿದಾಗ: ಡಿಸ್ಕ್ ಜಾರಿದ ಲಕ್ಷಣಗಳನ್ನು ಗುರುತಿಸುವುದು ಹೇಗೆ?

(ಭಾಷಣದ ಪಾಠ)



ಎತ್ತು ಕುಂಟಿದರೆ ಒಕ್ಕಲಿಗನು ಕೂಡಲೇ ಅದನ್ನು ನೊಗದಿಂದ ಬಿಚ್ಚಿ, ಗೊರಸು ಎತ್ತಿ ನೋಡುತ್ತಾನೆ. ಪಂಪ್‌ಸೆಟ್ಟಿನ ಸದ್ದು ಸ್ವಲ್ಪ ಬದಲಾದರೂ ಮೋಟಾರು ನಿಲ್ಲಿಸಿ ಮೆಕ್ಯಾನಿಕನಿಗೆ ಹೇಳಿ ಕಳಿಸುತ್ತಾನೆ. ಆದರೆ ತನ್ನ ಸೊಂಟವೇ ಹಿಡಿದುಕೊಂಡಾಗ ಮಾತ್ರ ‘ಕೆಲಸದ ನೋವು ಕೆಲಸದಲ್ಲೇ ಹೋಗುತ್ತದೆ’ ಎಂದು ಸುಮ್ಮನಾಗುತ್ತಾನೆ. ಹತ್ತು ಸಲದಲ್ಲಿ ಒಂಬತ್ತು ಸಲ ಈ ಮಾತು ನಿಜವೂ ಆಗುತ್ತದೆ. ಉಳಿದ ಒಂದು ಸಲ ಅದು ನಿಜವಾಗದೆ ಹೋದಾಗ ಕಾಲಿನ ಶಕ್ತಿಯೇ ಕುಂದಬಹುದು. ಆದುದರಿಂದ ಸಾಮಾನ್ಯ ಸೊಂಟನೋವು ಯಾವುದು, ಡಿಸ್ಕ್ ಜಾರಿದ ನೋವು ಯಾವುದು, ಒಂದು ದಿನವೂ ತಡಮಾಡಬಾರದ ನೋವು ಯಾವುದು ಎಂಬ ಮೂರು ವಿಷಯಗಳನ್ನು ಪ್ರತಿಯೊಬ್ಬ ರೈತನೂ ತಿಳಿದಿರುವುದು ಅವಶ್ಯಕ.

ಈ ಭಾಗದ ದುಡಿಮೆ ಮತ್ತು ಬೆನ್ನು

ಹೊಸಪೇಟೆ, ಹಂಪಿ, ಕಂಪ್ಲಿಯ ಸೀಮೆ ನೀರಾವರಿಯ ಸೀಮೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಹರಿಯುವುದಕ್ಕೆ ಎಷ್ಟೋ ಶತಮಾನ ಮೊದಲೇ ವಿಜಯನಗರದ ಅರಸರ ಕಾಲದ ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆಗಳು ಇಲ್ಲಿ ಕಬ್ಬು, ಬಾಳೆ, ಭತ್ತಗಳನ್ನು ಬೆಳೆಸಿವೆ. ನೀರು ಹೆಚ್ಚಿದಲ್ಲಿ ದುಡಿಮೆಯೂ ಹೆಚ್ಚು. ಕೆಸರುಗದ್ದೆಯಲ್ಲಿ ಹಿಮ್ಮುಖವಾಗಿ ಸರಿಯುತ್ತ ದಿನವಿಡೀ ಬಾಗಿ ಸಸಿ ಹಚ್ಚುವ ಹೆಣ್ಣುಮಕ್ಕಳು, ಬುಡ ಕಡಿದ ಕಬ್ಬನ್ನು ಹೊರೆ ಕಟ್ಟಿ ಟ್ರ್ಯಾಕ್ಟರಿಗೆ ಏರಿಸುವ ಆಳುಗಳು, ಗಾಡಿ ಹೋಗದ ತೋಟದೊಳಗಿಂದ ಬಾಳೆಗೊನೆಯನ್ನು ಹೆಗಲ ಮೇಲೆ ರಸ್ತೆಗೆ ತರುವವರು, ಭತ್ತದ ಚೀಲಗಳನ್ನು ಲಾರಿಗೆ ತುಂಬುವ ಹಮಾಲರು ಇವರೆಲ್ಲರ ಕೆಲಸವೂ ಸೊಂಟದ ಮೇಲೆಯೇ ನಿಂತಿದೆ. ಕೊಯ್ಲಿಗೆ ಈಗ ಯಂತ್ರ ಬಂದಿದ್ದರೂ ಚೀಲ ಎತ್ತುವುದಕ್ಕೆ ಇನ್ನೂ ಮನುಷ್ಯನ ಬೆನ್ನೇ ಬೇಕು.

ಸಂಡೂರಿನ ಕಡೆ ಕೆಲಸದ ರೀತಿ ಬೇರೆ. ಅಲ್ಲಿ ಮಳೆಯಾಶ್ರಿತ ಬೇಸಾಯದ ಜೊತೆಗೆ ಕಬ್ಬಿಣದ ಅದಿರಿನ ಗಣಿಗಳಿವೆ. ಗುಂಡಿ ಬಿದ್ದ ರಸ್ತೆಯಲ್ಲಿ ಗಂಟೆಗಟ್ಟಲೆ ಲಾರಿ ನಡೆಸುವ ಚಾಲಕನಿಗೆ ಭಾರ ಎತ್ತುವ ಕೆಲಸವಿಲ್ಲದಿದ್ದರೂ ಆಸನದ ಕುಲುಕಾಟವೇ ಸೊಂಟಕ್ಕೆ ಪೆಟ್ಟು. ಟ್ರ್ಯಾಕ್ಟರ್ ಚಾಲಕನಿಗೂ ಇದೇ ಮಾತು ಅನ್ವಯಿಸುತ್ತದೆ. ಬಗ್ಗಿ ಕುಳಿತು ತಾಸುಗಟ್ಟಲೆ ಕಸೂತಿ ಹಾಕುವ ಲಂಬಾಣಿ ಹೆಣ್ಣುಮಕ್ಕಳಿಗೂ ಸೊಂಟದ ಕಾಟ ತಪ್ಪಿದ್ದಲ್ಲ.

ಡಿಸ್ಕ್ ಎಂದರೇನು?

ಬೆನ್ನೆಲುಬು ಒಂದೇ ಕೋಲಿನಂಥ ಮೂಳೆಯಲ್ಲ. ಅದು ಒಂದರ ಮೇಲೊಂದು ಜೋಡಿಸಿದ ಮಣಿಗಳ ಸಾಲು. ಎರಡು ಮಣಿಗಳ ನಡುವೆ ಬಿಲ್ಲೆಯಾಕಾರದ ಒಂದೊಂದು ಮೆತ್ತೆ ಇರುತ್ತದೆ. ಇದೇ ಡಿಸ್ಕ್. ಮನುಷ್ಯನ ಬೆನ್ನಿನಲ್ಲಿ ಇಂಥ 23 ಡಿಸ್ಕ್‌ಗಳಿವೆ. ಇದರ ಹೊರ ಸುತ್ತು ಹುರಿ ಹೆಣೆದಂತೆ ಗಟ್ಟಿಯಾಗಿದ್ದು, ಒಳಗೆ ನೀರಿನಂಶ ತುಂಬಿದ ಲೋಳೆಯಂಥ ತಿರುಳು ಇರುತ್ತದೆ. ನಡೆಯುವಾಗ, ಹಾರುವಾಗ, ಭಾರ ಹೊರುವಾಗ ಮೂಳೆಗೆ ಮೂಳೆ ತಾಗದಂತೆ ಕಾಯುವುದೇ ಇದರ ಕೆಲಸ.

ಹೂರಣ ತುಂಬಿದ ಕಡುಬನ್ನು ಒಂದು ಅಂಚಿನಲ್ಲಿ ಒತ್ತಿದರೆ ಎದುರಿನ ಅಂಚು ಬಿರಿದು ಹೂರಣ ಹೊರಕ್ಕೆ ಬರುತ್ತದೆ. ಮನುಷ್ಯ ಮುಂದಕ್ಕೆ ಬಾಗಿ ಭಾರ ಎತ್ತಿದಾಗ ಡಿಸ್ಕಿನ ಮುಂಭಾಗ ಒತ್ತಲ್ಪಟ್ಟು ಒಳಗಿನ ತಿರುಳು ಹಿಂದಕ್ಕೆ ನೂಕಲ್ಪಡುತ್ತದೆ. ವಯಸ್ಸು, ಸವೆತ ಮತ್ತು ಪದೇ ಪದೇ ಬೀಳುವ ಒತ್ತಡದಿಂದ ಹೊರ ಸುತ್ತು ಬಿರುಕು ಬಿಟ್ಟಿದ್ದರೆ ತಿರುಳು ಅಲ್ಲಿಂದ ಹೊರಚಾಚಿ, ಪಕ್ಕದಲ್ಲಿಯೇ ಹಾದುಹೋಗುವ ಕಾಲಿನ ನರದ ಬೇರನ್ನು ಒತ್ತುತ್ತದೆ ಮತ್ತು ಕೆರಳಿಸುತ್ತದೆ.

ಇದಕ್ಕೆ ‘ಡಿಸ್ಕ್ ಜಾರಿದೆ’ ಎನ್ನುವುದು ರೂಢಿ. ಆದರೆ ಈ ಮಾತು ಅಷ್ಟು ಸರಿಯಲ್ಲ. ಡಿಸ್ಕ್ ಮಣಿಗಳಿಗೆ ಭದ್ರವಾಗಿ ಅಂಟಿಕೊಂಡಿರುವುದರಿಂದ ಅದು ತನ್ನ ಜಾಗ ಬಿಟ್ಟು ಜಾರುವುದಿಲ್ಲ. ಒಳಗಿನ ತಿರುಳು ಮಾತ್ರ ಹೊರಬರುತ್ತದೆ. ಇದು ಬರೀ ಶಬ್ದದ ತಕರಾರಲ್ಲ. ‘ಜಾರಿದೆ’ ಎಂದೊಡನೆ ‘ಕೂಡಿಸಬಹುದು’ ಎಂಬ ನಂಬಿಕೆ ಹುಟ್ಟುತ್ತದೆ. ಬೆನ್ನು ತುಳಿಸುವುದು, ಹಿಡಿದು ಜಗ್ಗಿಸುವುದು ಮುಂತಾದ ಅಪಾಯದ ಉಪಚಾರಗಳಿಗೆ ಈ ನಂಬಿಕೆಯೇ ಮೂಲ. ಹೊರಬಂದ ಹೂರಣವನ್ನು ತುಳಿದು ಒಳಕ್ಕೆ ಕಳಿಸಲು ಆಗದು.

ಕಾಲಿಗಿಳಿಯುವ ಈ ನೋವು ಹೊಸದೇನಲ್ಲ. ಆಯುರ್ವೇದದ ಗ್ರಂಥಗಳು ಇದನ್ನು ವಾತರೋಗಗಳಲ್ಲಿ ಸೇರಿಸಿ ‘ಗೃಧ್ರಸಿ’ ಎಂದು ಕರೆದಿವೆ. ಗೃಧ್ರ ಎಂದರೆ ಹದ್ದು; ರೋಗಿಯ ನಡಿಗೆ ಹದ್ದಿನ ನಡಿಗೆಯಂತೆ ಕಾಣುವುದರಿಂದ ಈ ಹೆಸರು ಬಂದಿತೆನ್ನುತ್ತಾರೆ. ಈಗಿನ ವೈದ್ಯರು ಇದನ್ನು ‘ಸಯಾಟಿಕಾ’ ಎನ್ನುತ್ತಾರೆ. ಇಂಥ ನೋವಿಗೆ ಡಿಸ್ಕಿನ ತಿರುಳು ಹೊರಬಂದು ನರವನ್ನು ಒತ್ತುವುದೇ ಕಾರಣವಾಗಿರಬಹುದೆಂದು 1934ರಲ್ಲಿ ಅಮೆರಿಕದ ಬೋಸ್ಟನ್ ನಗರದ ಮಿಕ್ಸ್‌ಟರ್ ಮತ್ತು ಬಾರ್ ಎಂಬ ವೈದ್ಯರು ಸ್ಪಷ್ಟವಾಗಿ ತೋರಿಸಿಕೊಟ್ಟರು.

ಸಾಮಾನ್ಯ ಸೊಂಟನೋವು ಮತ್ತು ಡಿಸ್ಕಿನ ನೋವು

‘ನಡ ಹಿಡಕೊಂಡೈತಿ’, ‘ಚಳಕು ಹಿಡದೈತಿ’ ಎಂದು ಹೇಳುವ ನೋವುಗಳಲ್ಲಿ ಹೆಚ್ಚಿನವು ಸ್ನಾಯು ಮತ್ತು ಕಟ್ಟುಗಳ ಸೆಳೆತದಿಂದ ಬಂದವು. ಇವು ಸೊಂಟದಲ್ಲಿಯೇ ಇರುತ್ತವೆ. ಬಹಳವೆಂದರೆ ತೊಡೆಯ ತನಕ ಹಬ್ಬುತ್ತವೆ; ಮೊಣಕಾಲಿನಿಂದ ಕೆಳಗೆ ಇಳಿಯುವುದಿಲ್ಲ. ಜೋಮು ಇರುವುದಿಲ್ಲ. ಕೆಲವು ದಿನಗಳಲ್ಲಿ, ತಪ್ಪಿದರೆ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ.

ಡಿಸ್ಕಿನ ನೋವು ಹಾಗಲ್ಲ. ಕಾಲುವೆಯ ಮೇಲ್ಭಾಗದಲ್ಲಿ ತೂಬು ಕಟ್ಟಿಕೊಂಡರೆ ಒಣಗುವುದು ಕೊನೆಯಂಚಿನ ಗದ್ದೆ. ಹಾಗೆಯೇ ನರ ಸಿಕ್ಕಿಕೊಂಡಿರುವುದು ಸೊಂಟದಲ್ಲಾದರೂ ಅದರ ಫಲ ಕಾಣುವುದು ಪಾದದಲ್ಲಿ. ಇದರ ಮುಖ್ಯ ಲಕ್ಷಣಗಳು ಈ ಕೆಳಗಿನಂತಿವೆ.

1. ನೋವು ಪೃಷ್ಠದಿಂದ ಹೊರಟು ತೊಡೆಯ ಹಿಂಭಾಗ, ಮೀನಖಂಡಗಳ ಮೂಲಕ ಮೊಣಕಾಲಿನ ಕೆಳಗೆ ಪಾದದ ತನಕ ಗೆರೆ ಎಳೆದಂತೆ ಇಳಿಯುತ್ತದೆ. ಸಾಧಾರಣವಾಗಿ ಒಂದೇ ಕಾಲಿನಲ್ಲಿ ಇರುತ್ತದೆ.

2. ಸೊಂಟಕ್ಕಿಂತ ಕಾಲಿನ ನೋವೇ ಹೆಚ್ಚು. ಕರೆಂಟು ಹೊಡೆದಂತೆ, ಕೆಂಡ ಸವರಿದಂತೆ ಇರುತ್ತದೆ ಎಂದು ರೋಗಿಗಳು ವಿವರಿಸುತ್ತಾರೆ.

3. ಕೆಮ್ಮಿದಾಗ, ಸೀನಿದಾಗ, ಮಲವಿಸರ್ಜನೆಗೆ ಮುಕ್ಕಿದಾಗ ನೋವು ಕಾಲಿಗೆ ಚಿಮ್ಮುತ್ತದೆ.

4. ಮುಂದಕ್ಕೆ ಬಾಗಿದರೆ, ಬಹಳ ಹೊತ್ತು ಕುಳಿತರೆ ಹೆಚ್ಚುತ್ತದೆ. ಮಲಗಿದಾಗ, ನಿಧಾನವಾಗಿ ನಡೆದಾಡಿದಾಗ ಕೆಲವರಿಗೆ ಕಡಿಮೆಯಾಗುತ್ತದೆ.

5. ಪಾದದ ಒಂದು ಭಾಗದಲ್ಲಿ ಜೋಮು, ಇರುವೆ ಹರಿದಂತೆ ಅನುಭವ ಇರುತ್ತದೆ. ಕೆಲವರಲ್ಲಿ ಸ್ನಾಯುಗಳ ಬಲವೂ ಕುಂದುತ್ತದೆ.

6. ನಿಂತಾಗ ಮೈ ಒಂದು ಪಕ್ಕಕ್ಕೆ ಓಲಿದಂತೆ ಕಾಣುತ್ತದೆ. ನೋವಿನಿಂದ ತಪ್ಪಿಸಿಕೊಳ್ಳಲು ದೇಹವೇ ಮಾಡಿಕೊಂಡ ಉಪಾಯವಿದು.

ಸಾಮಾನ್ಯವಾಗಿ 30ರಿಂದ 50 ವರ್ಷದೊಳಗಿನವರಲ್ಲಿ, ಎಂದರೆ ಮನೆಯ ಭಾರ ಹೊತ್ತು ದುಡಿಯುವ ವಯಸ್ಸಿನವರಲ್ಲಿಯೇ, ಈ ತೊಂದರೆ ಹೆಚ್ಚಾಗಿ ಕಂಡುಬರುತ್ತದೆ.

ಯಾವ ನರಕ್ಕೆ ಯಾವ ಗುರುತು?

ಸೊಂಟದ ಭಾಗದಲ್ಲಿ ಐದು ಮಣಿಗಳಿವೆ. ತೊಂದರೆ ಬರುವುದು ಬಹುಮಟ್ಟಿಗೆ ಅತ್ಯಂತ ಕೆಳಗಿನ ಎರಡು ಡಿಸ್ಕ್‌ಗಳಲ್ಲಿ. ಹೆಚ್ಚು ಭಾರ ಬೀಳುವುದೂ, ಹೆಚ್ಚು ಬಾಗುವುದೂ ಅಲ್ಲಿಯೇ. ಆದುದರಿಂದ ಎರಡು ಗುರುತುಗಳನ್ನು ನೆನಪಿಟ್ಟರೆ ಬಹುತೇಕ ರೋಗಿಗಳನ್ನು ಗುರುತಿಸಬಹುದು.

ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವಿನ ಡಿಸ್ಕ್ ಕೆಟ್ಟರೆ ಸಾಮಾನ್ಯವಾಗಿ ಪಾದದ ಮೇಲ್ಭಾಗ ಮತ್ತು ಹೆಬ್ಬೆರಳಿನ ಕಡೆ ಜೋಮು ಹಿಡಿಯುತ್ತದೆ. ಹೆಬ್ಬೆರಳನ್ನು ಮೇಲಕ್ಕೆ ಎತ್ತುವ ಬಲ ಕಡಿಮೆಯಾಗುತ್ತದೆ. ಹಿಮ್ಮಡಿಯ ಮೇಲೆ ನಡೆಯಲು ಆಗುವುದಿಲ್ಲ. ತೊಂದರೆ ಹೆಚ್ಚಾದರೆ ಪಾದ ಜೋತುಬೀಳುತ್ತದೆ; ನಡೆಯುವಾಗ ಚಪ್ಪಲಿಯ ತುದಿ ನೆಲಕ್ಕೆ ಉಜ್ಜುತ್ತದೆ, ಬದುವಿನ ಮೇಲೆ ಎಡವುತ್ತದೆ.

ಐದನೆಯ ಮಣಿಯ ಕೆಳಗಿನ ಡಿಸ್ಕ್ ಕೆಟ್ಟರೆ ಪಾದದ ಹೊರ ಅಂಚು ಮತ್ತು ಕಿರುಬೆರಳಿನ ಕಡೆ ಜೋಮು ಹಿಡಿಯುತ್ತದೆ. ಆ ಒಂದೇ ಕಾಲಿನ ತುದಿಬೆರಳುಗಳ ಮೇಲೆ ನಿಲ್ಲುವುದು, ಅಟ್ಟದ ಮೇಲಿನ ವಸ್ತು ತೆಗೆಯಲು ಎತ್ತರಿಸಿ ನಿಲ್ಲುವುದು ಕಷ್ಟವಾಗುತ್ತದೆ.

ಅಪರೂಪಕ್ಕೆ ಇವುಗಳ ಮೇಲಿನ ಡಿಸ್ಕ್ ಕೆಟ್ಟಾಗ ನೋವು ತೊಡೆಯ ಮುಂಭಾಗಕ್ಕೆ ಬರುತ್ತದೆ. ಮೆಟ್ಟಿಲು ಹತ್ತುವಾಗ ಮೊಣಕಾಲು ಕುಸಿದಂತಾಗುತ್ತದೆ. ತಲೆಹೊರೆ ಹೊರುವವರಲ್ಲಿ ಕುತ್ತಿಗೆಯ ಡಿಸ್ಕ್ ಕೆಟ್ಟರೆ ನೋವು ಮತ್ತು ಜೋಮು ತೋಳಿನ ಮೂಲಕ ಕೈಬೆರಳುಗಳಿಗೆ ಇಳಿಯುತ್ತದೆ.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ

ರೋಗಿಯನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ನೋವಿರುವ ಕಾಲನ್ನು ಮೊಣಕಾಲು ಮಡಿಸದಂತೆ ನಿಧಾನವಾಗಿ ಮೇಲಕ್ಕೆ ಎತ್ತಬೇಕು. ನೆಲದಿಂದ ಸುಮಾರು 30ರಿಂದ 70 ಡಿಗ್ರಿ ಎತ್ತುವಷ್ಟರಲ್ಲಿ ನೋವು ಮೊಣಕಾಲಿನ ಕೆಳಗೆ ಚಿಮ್ಮಿದರೆ ನರದ ಬೇರು ಸಿಕ್ಕಿಕೊಂಡಿರುವ ಸಂಭವ ಹೆಚ್ಚು. ತೊಡೆಯ ಹಿಂಭಾಗ ಬರೀ ಬಿಗಿದಂತಾದರೆ ಅದು ಸ್ನಾಯುವಿನ ಬಿಗಿತ ಮಾತ್ರ. ನೋವಿಲ್ಲದ ಕಾಲನ್ನು ಎತ್ತಿದಾಗ ನೋವಿರುವ ಕಾಲಿಗೆ ಚಿಮ್ಮಿದರೆ ಸಂಶಯ ಇನ್ನೂ ಬಲವಾಗುತ್ತದೆ. ಫ್ರಾನ್ಸಿನ ವೈದ್ಯ ಲಸೇಗ್ ಅವರ ಹೆಸರಿನಲ್ಲಿರುವ ಈ ಪರೀಕ್ಷೆಯನ್ನು ಅವರ ಶಿಷ್ಯರೊಬ್ಬರು 1881ರಲ್ಲಿ ವರ್ಣಿಸಿದರು. ಇಂದಿಗೂ ವೈದ್ಯರು ಮೊದಲು ಮಾಡುವ ಪರೀಕ್ಷೆ ಇದೇ. ನೋವು ಆರಂಭವಾದೊಡನೆ ಕಾಲನ್ನು ಇಳಿಸಬೇಕು, ಬಲವಂತ ಮಾಡಬಾರದು.

ಇದರ ನಂತರ ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ, ತುದಿಗಾಲಿನ ಮೇಲೆ ಹತ್ತು ಹೆಜ್ಜೆ ನಡೆಸಿ ನೋಡಬೇಕು. ಹತ್ತಿಯ ಎಳೆಯನ್ನು ಎರಡೂ ಪಾದಗಳಿಗೆ ಸವರಿ ಸ್ಪರ್ಶ ಸಮನಾಗಿದೆಯೇ ಎಂದು ಕೇಳಬೇಕು. ಇಷ್ಟಕ್ಕೆ ಐದು ನಿಮಿಷ ಸಾಕು.

ನೋವು ಕಡಿಮೆಯಾಯಿತೆಂದು ಮೋಸಹೋಗಬಾರದು

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಸುಗ್ಗಿಯ ಕಾಲ. ನಲವತ್ತರ ಆಸುಪಾಸಿನ ರೈತನೊಬ್ಬ ಲಾರಿಗೆ ಭತ್ತ ತುಂಬಿಸುವಾಗ ಚೀಲದೊಡನೆ ಪಕ್ಕಕ್ಕೆ ತಿರುಗುತ್ತಾನೆ. ಸೊಂಟದಲ್ಲಿ ‘ಚಳಕ್’ ಎನ್ನುತ್ತದೆ. ಮೂರನೆಯ ದಿನ ನೋವು ಎಡಗಾಲಿಗೆ ಇಳಿಯುತ್ತದೆ. ಔಷಧಿ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತ ಮಾಲು ಸಾಗಿಸುವ ಕೆಲಸ ಮುಂದುವರಿಸುತ್ತಾನೆ. ಎರಡು ವಾರದ ನಂತರ ನೋವು ಇದ್ದಕ್ಕಿದ್ದಂತೆ ಇಳಿಯುತ್ತದೆ. ಮನೆಯವರು ಗುಣವಾಯಿತೆಂದು ಸಂತೋಷಪಡುತ್ತಾರೆ. ಆದರೆ ಕಾಲಿನ ಚಪ್ಪಲಿ ತಾನಾಗಿ ಕಳಚಿಬೀಳುತ್ತಿರುವುದನ್ನು ಯಾರೂ ಗಮನಿಸುವುದಿಲ್ಲ.

ಇದು ಗುಣವಾದ ಲಕ್ಷಣವಲ್ಲ. ನರವು ದಣಿದು, ನೋವನ್ನು ತಿಳಿಸುವ ಶಕ್ತಿಯನ್ನೂ ಕಳೆದುಕೊಂಡಿರಬಹುದು. ನೋವು ಕಡಿಮೆಯಾಗುತ್ತ ಬಲವೂ ಮರಳಿದರೆ ಅದು ಗುಣ. ನೋವು ಕಡಿಮೆಯಾಗುತ್ತ ಬಲ ಕುಂದಿದರೆ ಅದು ಅಪಾಯ. ಹೀಗೆಯೇ ನೋವು ಪಾದದಿಂದ ಮೊಣಕಾಲಿಗೆ, ಮೊಣಕಾಲಿನಿಂದ ಪೃಷ್ಠಕ್ಕೆ ಮೇಲೇರುತ್ತ ಬಂದರೆ, ಸೊಂಟದಲ್ಲಿ ಸ್ವಲ್ಪ ಹೆಚ್ಚಾದಂತೆ ತೋರಿದರೂ, ಅದು ಒಳ್ಳೆಯ ಗುರುತು. ಕೆಳಕ್ಕೆ ಇಳಿಯುತ್ತ ಹೋದರೆ ಒಳ್ಳೆಯದಲ್ಲ.

ಅಂದೇ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ಬೆನ್ನುಹುರಿಯು ಸೊಂಟದ ಮೇಲ್ಭಾಗದಲ್ಲಿಯೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳು ಕುದುರೆಯ ಬಾಲದ ಕೂದಲಿನಂತೆ ಗೊಂಚಲಾಗಿ ಇಳಿಯುತ್ತವೆ. ಕಾಲುಗಳಿಗಷ್ಟೇ ಅಲ್ಲದೆ ಮೂತ್ರಕೋಶ, ಗುದದ್ವಾರ, ಜನನಾಂಗಗಳಿಗೂ ಹೋಗುವ ನರಗಳು ಈ ಗೊಂಚಲಿನಲ್ಲಿಯೇ ಇವೆ. ದೊಡ್ಡ ತುಂಡೊಂದು ಹೊರಬಂದು ಇಡೀ ಗೊಂಚಲನ್ನೇ ಒತ್ತಿದರೆ ಕೆಳಗಿನ ಲಕ್ಷಣಗಳು ಕಾಣುತ್ತವೆ.

* ಮೂತ್ರ ಕಟ್ಟುವುದು, ಮೂತ್ರ ಬಂದದ್ದು ತಿಳಿಯದಿರುವುದು, ಅಥವಾ ತಾನಾಗಿ ತೊಟ್ಟಿಕ್ಕುವುದು.
* ಮಲದ ಮೇಲಿನ ಹಿಡಿತ ತಪ್ಪುವುದು.
* ಸೈಕಲ್ಲಿನ ಸೀಟು ತಾಗುವ ಭಾಗದಲ್ಲಿ ಸ್ಪರ್ಶವಿಲ್ಲದಿರುವುದು. ತೊಳೆದುಕೊಳ್ಳುವಾಗ ನೀರು ಬಿದ್ದದ್ದು ತಿಳಿಯುವುದಿಲ್ಲ.
* ಎರಡೂ ಕಾಲುಗಳಿಗೆ ನೋವು ಇಳಿಯುವುದು, ಎರಡೂ ಕಾಲುಗಳು ಸೋಲುವುದು.
* ಪಾದ ಜೋತುಬೀಳುವುದು ಅಥವಾ ದಿನದಿಂದ ದಿನಕ್ಕೆ ಬಲ ಕುಂದುವುದು.

ಇವುಗಳಲ್ಲಿ ಮೊದಲ ನಾಲ್ಕರಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯಬಾರದು. ಒಂದೆರಡು ದಿನಗಳೊಳಗೆ ನರಗಳ ಮೇಲಿನ ಒತ್ತಡವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯದಿದ್ದರೆ ಮೂತ್ರದ ಹಿಡಿತ ಶಾಶ್ವತವಾಗಿ ಹೋಗಬಹುದು. ಇಲ್ಲಿ ಗಂಟೆಗಳ ಲೆಕ್ಕವೇ ಮುಖ್ಯ. 108ಕ್ಕೆ ಕರೆ ಮಾಡಿ, ಶಸ್ತ್ರವೈದ್ಯರೂ ಎಂ.ಆರ್.ಐ. ಯಂತ್ರವೂ ಇರುವ ದೊಡ್ಡ ಆಸ್ಪತ್ರೆಗೆ ತಲುಪಿಸಬೇಕು. ಈ ಸೀಮೆಯವರಿಗೆ ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಹೊಸಪೇಟೆಯಿಂದ ಅದು ಸುಮಾರು 60 ಕಿ.ಮೀ. ದೂರ. ‘ಮೂತ್ರ ಕಟ್ಟಿದೆ, ಕಾಲು ಜೋಮು ಹಿಡಿದಿದೆ’ ಎಂಬ ಮಾತನ್ನು ವೈದ್ಯರಿಗೆ ಮೊದಲೇ ಹೇಳಬೇಕು. ನಾಚಿಕೆಯಿಂದ ಇದನ್ನು ಮುಚ್ಚಿಡುವವರು, ವಿಶೇಷವಾಗಿ ಹೆಣ್ಣುಮಕ್ಕಳು, ಹೆಚ್ಚು ನಷ್ಟ ಅನುಭವಿಸುತ್ತಾರೆ. ಐದನೆಯ ಲಕ್ಷಣ ಕಂಡರೂ ವಾರಗಟ್ಟಲೆ ತಡಮಾಡದೆ ಒಂದೆರಡು ದಿನಗಳಲ್ಲಿಯೇ ತಜ್ಞರಿಗೆ ತೋರಿಸುವುದು ಅವಶ್ಯಕ.

ಬೆನ್ನುನೋವೆಲ್ಲ ಡಿಸ್ಕ್ ಅಲ್ಲ

ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ದನಕರುಗಳ ಕಂದು ಹಾಕುವ ರೋಗ, ಅಂದರೆ ಬ್ರೂಸೆಲ್ಲಾ, ಹಸಿ ಹಾಲಿನಿಂದ ಅಥವಾ ಕಂದು ಹಾಕಿದ ದನದ ಕಸವನ್ನು ಬರಿಗೈಯಲ್ಲಿ ಮುಟ್ಟುವುದರಿಂದ ಮನುಷ್ಯರಿಗೂ ತಗಲುತ್ತದೆ. ಬಂದು ಬಂದು ಹೋಗುವ ಜ್ವರ ಮತ್ತು ಸೊಂಟನೋವು ಇದರ ಲಕ್ಷಣ. ಹೈನುಗಾರಿಕೆ ಮಾಡುವವರು ಈ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಪಕ್ಕೆಯಿಂದ ತೊಡೆಸಂದಿಗೆ ಅಲೆ ಅಲೆಯಾಗಿ ಬರುವ ನೋವು ಮೂತ್ರಪಿಂಡದ ಕಲ್ಲಿನದಾಗಿರಬಹುದು. ಎರಡೂ ಪಾದಗಳ ಉರಿ ಸಕ್ಕರೆ ಕಾಯಿಲೆಯವರಲ್ಲಿ ಸಾಮಾನ್ಯ. ಸ್ವಲ್ಪ ದೂರ ನಡೆದೊಡನೆ ಕಾಲು ಸೋತು, ಮುಂದಕ್ಕೆ ಬಾಗಿ ಕುಳಿತರೆ ಸರಿಯಾಗುವುದು ವಯಸ್ಸಾದವರಲ್ಲಿ ನರದ ದಾರಿ ಕಿರಿದಾದುದರ ಗುರುತು. ಬಳ್ಳಾರಿ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದು, ಅದನ್ನು ವರ್ಷಗಟ್ಟಲೆ ಕುಡಿದರೆ ಬೆನ್ನು ಸೆಟೆದು ಬಾಗದಂತಾಗಬಹುದು.

ಮೊದಲ ದಿನಗಳ ಆರೈಕೆ

ಅಪಾಯದ ಲಕ್ಷಣಗಳಿಲ್ಲದಿದ್ದರೆ ಗಾಬರಿಪಡಬೇಕಾಗಿಲ್ಲ. ಹೊರಬಂದ ತಿರುಳು ಕಾಲಕ್ರಮದಲ್ಲಿ ಒಣಗಿ ಕುಗ್ಗುತ್ತದೆ. ಬಹುಪಾಲು ರೋಗಿಗಳು 6ರಿಂದ 12 ವಾರಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ಸುಧಾರಿಸುತ್ತಾರೆ.

ನೋವು ತೀವ್ರವಾಗಿದ್ದಾಗ ಒಂದೆರಡು ದಿನ ವಿಶ್ರಾಂತಿ ಸಾಕು. ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬೇಕೆಂಬುದು ಹಳೆಯ ಅಭಿಪ್ರಾಯ. ಹಾಗೆ ಮಾಡಿದರೆ ಸ್ನಾಯುಗಳು ಸೊರಗುತ್ತವೆ. ಮೊಣಕಾಲುಗಳ ಕೆಳಗೆ ದಿಂಬಿಟ್ಟು ಅಂಗಾತ, ಅಥವಾ ಮೊಣಕಾಲುಗಳ ನಡುವೆ ದಿಂಬಿಟ್ಟು ಮಗ್ಗುಲಾಗಿ ಮಲಗಬೇಕು. ಮಂಚದ ಹಗ್ಗ ಅಥವಾ ಪಟ್ಟಿ ಜೋತಿದ್ದರೆ ಹಲಗೆ ಹಾಕಬೇಕು. ಬಿಸಿನೀರಿನ ಶಾಖ ಕೊಡಬಹುದು. ಜೋಮು ಹಿಡಿದ ಪಾದಕ್ಕೆ ಮಾತ್ರ ಶಾಖ ಕೊಡಬಾರದು, ಸುಟ್ಟರೂ ತಿಳಿಯುವುದಿಲ್ಲ. ಸಮತಟ್ಟಾದ ನೆಲದಲ್ಲಿ ಆಗಾಗ್ಗೆ ಸ್ವಲ್ಪ ಸ್ವಲ್ಪ ನಡೆಯಬೇಕು. ಭಾರ ಎತ್ತುವುದು, ಬಾಗುವುದು, ಬೈಕು ಮತ್ತು ಟ್ರ್ಯಾಕ್ಟರ್ ಸವಾರಿ ಕೆಲವು ವಾರ ಬೇಡ. ನಂತರ ಮಾಡಬೇಕಾದ ವ್ಯಾಯಾಮಗಳನ್ನು ಫಿಜಿಯೋಥೆರಪಿ ತಜ್ಞರಿಂದ ಕಲಿಯಬೇಕು.

ಮಾಡಬಾರದ್ದು ಏನು? ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನು ಒದೆಸುವ ಅಥವಾ ತುಳಿಸುವ ರೂಢಿ ಹಳ್ಳಿಗಳಲ್ಲಿದೆ. ಮುಟ್ಟಿದರೆ ಕೆಡುಕಿಲ್ಲ, ತುಳಿದರೆ ಬಿರುಕು ಬಿಟ್ಟ ಡಿಸ್ಕ್ ಪೂರ್ತಿ ಒಡೆಯಬಹುದು. ಕಾಲಿಗೆ ನೋವು ಇಳಿದಿರುವಾಗ ಬಲವಾಗಿ ತಿರುಚಿಸುವುದು, ಜಗ್ಗಿಸುವುದು, ಬರೆ ಹಾಕಿಸುವುದು ಸಲ್ಲದು. ಔಷಧಿ ಅಂಗಡಿಯ ನೋವಿನ ಮಾತ್ರೆಗಳನ್ನು ವಾರಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವವಾಗಬಹುದು, ಮೂತ್ರಪಿಂಡ ಕೆಡಬಹುದು. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ ಇರುವವರಿಗಂತೂ ಇದು ಇನ್ನೂ ಅಪಾಯಕರ.

ಆಸ್ಪತ್ರೆಯಲ್ಲಿ

ಎಕ್ಸ್-ರೇ ಚಿತ್ರದಲ್ಲಿ ಮೂಳೆ ಕಾಣುತ್ತದೆಯೇ ಹೊರತು ಡಿಸ್ಕ್ ಕಾಣುವುದಿಲ್ಲ. ಡಿಸ್ಕ್ ಮತ್ತು ನರ ಕಾಣುವುದು ಎಂ.ಆರ್.ಐ. ಚಿತ್ರದಲ್ಲಿ. ಆದರೆ ನೋವು ಬಂದ ಮರುದಿನವೇ ಸಾವಿರಾರು ರೂಪಾಯಿ ಖರ್ಚು ಮಾಡಿ ಅದನ್ನು ತೆಗೆಸಬೇಕಾಗಿಲ್ಲ. ಯಾವ ನೋವೂ ಇಲ್ಲದ ಎಷ್ಟೋ ಜನರ ಚಿತ್ರದಲ್ಲಿಯೂ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ಚಿತ್ರ ಮತ್ತು ಲಕ್ಷಣ ಎರಡೂ ಹೊಂದಿದಾಗ ಮಾತ್ರ ಅದಕ್ಕೆ ಅರ್ಥ. ಅಪಾಯದ ಲಕ್ಷಣವಿದ್ದಾಗ, ಅಥವಾ ಆರು ವಾರ ಕಳೆದರೂ ಕಾಲಿನ ನೋವು ಇಳಿಯದೆ ಮುಂದಿನ ಚಿಕಿತ್ಸೆಯನ್ನು ನಿರ್ಧರಿಸಬೇಕಾದಾಗ ಈ ಪರೀಕ್ಷೆ ಬೇಕಾಗುತ್ತದೆ. ‘ಬೆನ್ನಿನ ಆಪರೇಷನ್ ಮಾಡಿಸಿದರೆ ಕಾಲು ಹೋಗುತ್ತದೆ’ ಎಂಬ ಭಯ ಹಳ್ಳಿಗಳಲ್ಲಿದೆ. ಕಾಲು ಹೋಗುವ ಸಂಭವ ಹೆಚ್ಚಿರುವುದು ಬೇಕಾದಾಗ ಮಾಡಿಸದೆ ಇರುವುದರಿಂದ.

ಖರ್ಚಿನ ದೃಷ್ಟಿಯಿಂದ ಪಡಿತರ ಚೀಟಿಯೊಡನೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯವನ್ನು ವಿಚಾರಿಸಬೇಕು. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2022–23ರಲ್ಲಿ ಮತ್ತೆ ಜಾರಿಗೆ ಬಂದಿದೆ. ರೋಗ ಬಂದ ಮೇಲೆ ಸದಸ್ಯತ್ವಕ್ಕೆ ಓಡಾಡುವ ಬದಲು ಮೊದಲೇ ಸೇರಿರುವುದು ಒಳ್ಳೆಯದು.

ಬರದಂತೆ ತಡೆಯುವುದು

ಸ್ವೀಡನ್ನಿನ ವೈದ್ಯ ನಾಕೆಮ್‌ಸನ್ 1960ರ ದಶಕದಲ್ಲಿ ಡಿಸ್ಕಿನೊಳಗಿನ ಒತ್ತಡವನ್ನು ಅಳೆದು ತೋರಿಸಿದರು. ನಿಂತಾಗ ಇರುವುದಕ್ಕಿಂತ ಮುಂದಕ್ಕೆ ಬಾಗಿ ಕುಳಿತಾಗ ಒತ್ತಡ ಹೆಚ್ಚು. ಮೊಣಕಾಲು ಮಡಿಸದೆ, ಬೆನ್ನು ಬಾಗಿಸಿ ಭಾರ ಎತ್ತಿದಾಗ ಇನ್ನೂ ಬಹಳ ಹೆಚ್ಚು. ಆದುದರಿಂದ ಭಾರದ ಹತ್ತಿರ ನಿಂತು, ಮೊಣಕಾಲು ಮಡಿಸಿ ಕುಕ್ಕರಿಸಿ, ಭಾರವನ್ನು ಎದೆಗೆ ಒತ್ತಿಕೊಂಡು ಏಳಬೇಕು. ತಿರುಗಬೇಕಾದರೆ ಸೊಂಟ ತಿರುಚದೆ ಪಾದಗಳನ್ನೇ ತಿರುಗಿಸಬೇಕು.

ವಯಸ್ಕ ಗಂಡಸು ಹೊರುವ ಭಾರ 55 ಕಿ.ಗ್ರಾಂ. ಮೀರಬಾರದೆಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1967ರ ಶಿಫಾರಸು. ಈ ಭಾಗದಲ್ಲಿ ಭತ್ತದ ವ್ಯವಹಾರ ಹೆಚ್ಚಾಗಿ 75 ಕಿ.ಗ್ರಾಂ. ಚೀಲದ ಲೆಕ್ಕದಲ್ಲಿ ನಡೆಯುತ್ತದೆ. ಅಂದರೆ ಪ್ರತಿ ಚೀಲಕ್ಕೂ 20 ಕಿ.ಗ್ರಾಂ. ಹೆಚ್ಚಿನ ಹೊರೆ. ಯೂರಿಯಾ ಚೀಲವನ್ನೇ 50ರಿಂದ 45 ಕಿ.ಗ್ರಾಂ.ಗೆ ಇಳಿಸಿರುವಾಗ ಲೆಕ್ಕದ ರೂಢಿಗಾಗಿ ಭತ್ತದ ಚೀಲವನ್ನು ಭಾರವಾಗಿಯೇ ಇಡಬೇಕಾಗಿಲ್ಲ. ಮನೆಯ ಮಟ್ಟಿಗಾದರೂ ಅರೆಚೀಲ ತುಂಬುವುದು, 75 ಕಿ.ಗ್ರಾಂ. ಚೀಲವನ್ನು ಇಬ್ಬರು ಹಿಡಿಯುವುದು, ಕೈಗಾಡಿ ಬಳಸುವುದು ಸಾಧ್ಯ.

ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ. ಆದುದರಿಂದ ಎದ್ದ ಮೊದಲ ಒಂದು ಗಂಟೆ ಬಾಗಿ ಭಾರ ಎತ್ತುವ ಕೆಲಸ ಮಾಡದಿರುವುದು ಒಳ್ಳೆಯದು. ಕೊಟ್ಟಿಗೆಯ ಸಗಣಿ ಬುಟ್ಟಿಯನ್ನು ಹಾಲು ಕರೆದು, ಸ್ವಲ್ಪ ಓಡಾಡಿದ ಮೇಲೆ ಎತ್ತಬಹುದು. ಸಸಿ ಹಚ್ಚುವವರು ಅರ್ಧ ಗಂಟೆಗೊಮ್ಮೆ ನೆಟ್ಟಗೆ ನಿಂತು, ಸೊಂಟಕ್ಕೆ ಕೈಕೊಟ್ಟು ಐದಾರು ಸಲ ಹಿಂದಕ್ಕೆ ಬಾಗಬೇಕು. ಉದ್ದ ಹಿಡಿಯ ಸಲಿಕೆ ಮತ್ತು ಕಳೆ ತೆಗೆಯುವ ಸಾಧನಗಳನ್ನು ಬಳಸಬೇಕು. ಕೂರಿಗೆಯಿಂದ ಭತ್ತ ಬಿತ್ತುವ ಪದ್ಧತಿ ಹಾಗೂ ನಾಟಿ ಯಂತ್ರಗಳು ನೀರು, ಕೂಲಿಗಳ ಜೊತೆಗೆ ಸೊಂಟವನ್ನೂ ಉಳಿಸುತ್ತವೆ. ತುಂಬಿದ ಔಷಧಿ ಸಿಂಪರಣಾ ಪಂಪನ್ನು ನೆಲದಿಂದ ಎತ್ತದೆ, ಎತ್ತರದ ಬದುವಿನ ಮೇಲಿಟ್ಟು ಬೆನ್ನಿಗೆ ಏರಿಸಬೇಕು. ಚಾಲಕರು ಆಸನದ ಸ್ಪ್ರಿಂಗ್ ಸರಿಪಡಿಸಿಕೊಂಡು, ಗಂಟೆಗೊಮ್ಮೆ ಇಳಿದು ನಡೆಯಬೇಕು. ಬೀಡಿ ಸಿಗರೇಟಿನ ಹೊಗೆ ಡಿಸ್ಕಿಗೆ ಸಿಗುವ ಪೋಷಣೆಯನ್ನು ತಗ್ಗಿಸುವುದರಿಂದ ಅದನ್ನು ಬಿಡುವುದೂ ಒಂದು ಚಿಕಿತ್ಸೆಯೇ.

ವಿಸ್ತರಣಾ ಕಾರ್ಯಕರ್ತರಿಗೆ

ಬೆಳೆ ನೋಡಲು ಹೊಲಕ್ಕೆ ಹೋದಾಗ ಕುಂಟುತ್ತ ಬರುವ ರೈತನನ್ನು ಐದು ಪ್ರಶ್ನೆ ಕೇಳಬಹುದು. ನೋವು ಮೊಣಕಾಲಿನ ಕೆಳಗೆ ಇಳಿಯುತ್ತದೆಯೇ? ಪಾದದಲ್ಲಿ ಜೋಮು ಇದೆಯೇ? ಹಿಮ್ಮಡಿಯ ಮೇಲೂ ತುದಿಗಾಲಿನ ಮೇಲೂ ನಡೆಯಲು ಬರುತ್ತದೆಯೇ? ಜ್ವರ ಇದೆಯೇ, ತೂಕ ಇಳಿದಿದೆಯೇ? ಮೂತ್ರ ಸರಿಯಾಗಿ ಆಗುತ್ತಿದೆಯೇ? ಮೊದಲೆರಡಕ್ಕೆ ‘ಹೌದು’ ಎಂದರೆ ಆ ವಾರದಲ್ಲಿ ವೈದ್ಯರಿಗೆ ತೋರಿಸಬೇಕು. ನಡೆಯಲು ಬರದಿದ್ದರೆ, ಜ್ವರವಿದ್ದರೆ ಒಂದೆರಡು ದಿನದಲ್ಲಿ ತೋರಿಸಬೇಕು. ಮೂತ್ರ ಸರಿಯಿಲ್ಲವೆಂದರೆ ಆ ಗಳಿಗೆಯಲ್ಲಿಯೇ ವಾಹನ ಗೊತ್ತುಮಾಡಬೇಕು.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಇದೆ. ಆದರೆ ಕೈ ಕೆಸರಾಗಬೇಕಾದರೆ ಸೊಂಟ ಬಾಗಬೇಕು, ಮತ್ತೆ ನೆಟ್ಟಗಾಗಬೇಕು. ಸೊಂಟದಲ್ಲಿಯೇ ಉಳಿದ ನೋವಿಗೆ ತಾಳ್ಮೆ, ಕಾಲಿಗಿಳಿದ ನೋವಿಗೆ ವೈದ್ಯರು, ಮೂತ್ರ ಕೆಡಿಸಿದ ನೋವಿಗೆ ಅಂದೇ ಆಸ್ಪತ್ರೆ. ಈ ಮೂರು ಮಾತು ಮನೆಮಂದಿಗೆಲ್ಲ ಗೊತ್ತಿದ್ದರೆ ಎಷ್ಟೋ ಮನೆಗಳ ದುಡಿಯುವ ಕಾಲು ಉಳಿಯುತ್ತದೆ.